ಬದನವಾಳಿನ ಕದಿರು, ನಮ್ಮ ಬೋರ್ಡಿನ ಕ್ಲಾಕು

ಹಾಸ್ಟೆಲಿಗೆ ಯಾರಾದರೂ ಹೊಸ ಲ್ಯಾಪ್‌ಟಾಪ್ ತಂದರೆ ಮೊದಲು ಕೇಳೋ ಪ್ರಶ್ನೆ ಒಂದೇ: ಎಷ್ಟು ಗಿಗಾಹರ್ಟ್ಸ್? 4.5 ಅಂದರೆ ಒಂದು ಮರ್ಯಾದೆ, 2.4 ಅಂದರೆ ಇನ್ನೊಂದು ಮರ್ಯಾದೆ. ಆದರೆ ಗೆಳೆಯರೇ, ಆ ಲ್ಯಾಪ್‌ಟಾಪನ್ನು ಪೂರ್ತಿ ಬಿಚ್ಚಿ ಹುಡುಕಿದರೂ 4.5 ಗಿಗಾಹರ್ಟ್ಸ್‌ನಲ್ಲಿ ಕಂಪಿಸುವ ಹರಳು ಎಲ್ಲೂ ಸಿಗೋದಿಲ್ಲ. ಸಿಗೋದು ಕೆಲವೇ ಹತ್ತು ಮೆಗಾಹರ್ಟ್ಸ್‌ನ ಒಂದು ಪುಟ್ಟ ಸ್ಫಟಿಕ. ಅದನ್ನು ಆಧಾರವಾಗಿಟ್ಟುಕೊಂಡು 100 ಮೆಗಾಹರ್ಟ್ಸ್‌ನ ಒಂದು ಬೇಸ್ ಕ್ಲಾಕ್ ತಯಾರಾಗುತ್ತೆ. ಅದಕ್ಕೆ 45ರ ಗುಣಕ ಬಿದ್ದಾಗ 4.5 ಗಿಗಾಹರ್ಟ್ಸ್. ಈ 45 ಅನ್ನೋ ಸಂಖ್ಯೆಗೇ ಕ್ಲಾಕ್ ಮಲ್ಟಿಪ್ಲೈಯರ್ ಅಂತ ಹೆಸರು. ಓವರ್‌ಕ್ಲಾಕಿಂಗ್ ಮಾಡುವವರು ಬಯಾಸ್‌ಗೆ ಹೋಗಿ ಮುಟ್ಟೋದು ಹೆಚ್ಚಾಗಿ ಇದನ್ನೇ. 45 ಇದ್ದದ್ದನ್ನು 50 ಮಾಡಿದರೆ 5 ಗಿಗಾಹರ್ಟ್ಸ್, ಅಷ್ಟೇ.

ಅಷ್ಟೇನಾ? ಈ ಪ್ರಶ್ನೆ ನಮ್ಮ ನಾಲ್ಕು ಜನರ ಮಿನಿ ಪ್ರಾಜೆಕ್ಟ್ ಟೀಮಿಗೆ ಸರಿಯಾಗಿ ಎದುರಾಗಿದ್ದು ಪ್ರೊಸೆಸರ್ ಲ್ಯಾಬ್‌ನಲ್ಲಲ್ಲ, ಬದನವಾಳಿನಲ್ಲಿ.

ಚರಕವೂ ಒಂದು ಮಲ್ಟಿಪ್ಲೈಯರ್

ಬದನವಾಳು ನಂಜನಗೂಡು ತಾಲ್ಲೂಕಿನ ಊರು. ನಂಜನಗೂಡಿನಿಂದ ಚಾಮರಾಜನಗರದ ಕಡೆ ಹೋಗುವಾಗ ಸಿಗುತ್ತೆ. ಅಲ್ಲಿನ ಖಾದಿ ಕೇಂದ್ರಕ್ಕೆ ಸುಮಾರು ನೂರು ವರ್ಷದ ಇತಿಹಾಸ. 1927ರಲ್ಲಿ ಗಾಂಧೀಜಿ ಮೈಸೂರು ಸಂಸ್ಥಾನದಲ್ಲಿದ್ದಾಗ ಬಂದುಹೋದ ಜಾಗ ಅದು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸರಳ ಬದುಕಿನ ಸತ್ಯಾಗ್ರಹ ನಡೆಸಿದ್ದೂ ಇಲ್ಲೇ. ನಾವು ಹೋಗಿದ್ದು ಅಂಥ ದೊಡ್ಡ ಕಾರಣಕ್ಕೇನೂ ಅಲ್ಲ. ಪ್ರಾಜೆಕ್ಟಿಗೆ ವಿಷಯ ಬೇಕಿತ್ತು. ಸ್ಮಾರ್ಟ್ ಡಸ್ಟ್‌ಬಿನ್, ಗಿಡಕ್ಕೆ ನೀರು ಹಾಕೋ ಸೆನ್ಸರ್ ಎಲ್ಲ ಸೀನಿಯರ್ಸ್ ಮಾಡಿ ಮುಗಿಸಿದ್ರು. ನೂಲು ಕಿತ್ತಾಗ ಲೈಟ್ ಹತ್ತಿ, ಸುತ್ತಿದ ನೂಲಿನ ಲೆಕ್ಕ ತಾನೇ ಇಡುವ ಒಂದು ಡಬ್ಬಿ ಮಾಡೋಣ ಅಂತ ಹೊರಟಿದ್ವಿ.

ಚರಕವನ್ನು ಹತ್ತಿರದಿಂದ ನೋಡಿದರೆ ಅದರ ಲೆಕ್ಕ ಹೈಸ್ಕೂಲಿನದ್ದು. ದೊಡ್ಡ ಚಕ್ರದಿಂದ ಒಂದು ದಾರ ಸಣ್ಣ ಕದಿರಿಗೆ ಹೋಗಿರುತ್ತೆ. ಚಕ್ರದ ವ್ಯಾಸ 60 ಸೆಂಟಿಮೀಟರ್, ಕದಿರಿನ ಗಾಲಿ 1 ಸೆಂಟಿಮೀಟರ್ ಅಂದುಕೊಳ್ಳಿ. ಕೈ ಒಂದು ಸುತ್ತು ತಿರುಗಿಸಿದರೆ ಕದಿರು 60 ಸುತ್ತು. ಅಂದರೆ ಗುಣಕ 60, ಬೇಸ್ ಕ್ಲಾಕ್ ಮನುಷ್ಯರ ಕೈ. ಯರವಡಾ ಜೈಲಿನ ಹೆಸರು ಹೊತ್ತ ಪೆಟ್ಟಿಗೆ ಚರಕದಲ್ಲಿ ಎರಡು ಚಕ್ರ ಇರುತ್ತೆ. ದೊಡ್ಡದು ಸಣ್ಣದನ್ನು ತಿರುಗಿಸುತ್ತೆ, ಸಣ್ಣದು ಕದಿರನ್ನು. ಎರಡು ಗುಣಕಗಳು ಒಂದಕ್ಕೊಂದು ಗುಣಿಸಿಕೊಳ್ಳೋದರಿಂದ ಸೂಟ್‌ಕೇಸಿನಷ್ಟು ಜಾಗದಲ್ಲೇ ದೊಡ್ಡ ಗುಣಕ ಸಿಗುತ್ತೆ.

ಹಾಗಾದರೆ ಇನ್ನೂ ದೊಡ್ಡ ಚಕ್ರ ಹಾಕಿ ಗುಣಕ ಏರಿಸಿದರೆ ಇನ್ನೂ ಬೇಗ ನೂಲು ಬರಬೇಕಲ್ವಾ? ಅಲ್ಲಿ ನೂಲುತ್ತಿದ್ದ ಒಬ್ಬ ಅಮ್ಮನನ್ನು ಕೇಳಿದ್ವಿ. ಅವರು ನಕ್ಕರು.

‘ಬಿರ್ರನ ತಿರುಗ್ಸುದ್ರ ಏನ್ ಬಂತು ಮಗ? ಕೈ ಜೊತ್ಗ ಬರ್ಬೇಕಲ್ಲ.’

ಇಡೀ ವಿಷಯ ಈ ಮಾತಿನಲ್ಲಿತ್ತು. ಕದಿರು ಕೊಡೋದು ಹುರಿ ಮಾತ್ರ. ಹಂಜಿಯಿಂದ ಎಳೆ ಎಳೆಯಾಗಿ ಹತ್ತಿ ಬಿಡೋದು ಬೆರಳು. ಬೆರಳು ಬಿಡುವುದಕ್ಕಿಂತ ಜೋರಾಗಿ ಕದಿರು ತಿರುಗಿದರೆ ಹುರಿ ಜಾಸ್ತಿಯಾಗಿ ನೂಲು ಗಂಟುಗಂಟಾಗುತ್ತೆ, ಆಮೇಲೆ ಕಿತ್ತುಹೋಗುತ್ತೆ. ಕದಿರಿನ ವೇಗವನ್ನು ಕೊನೆಗೆ ತೀರ್ಮಾನಿಸುವುದು ಆ ಸಾಲಿನಲ್ಲಿ ಎಲ್ಲಕ್ಕಿಂತ ನಿಧಾನವಾದ ಕೆಲಸ. ನಮ್ಮ ಡಿಜಿಟಲ್ ಡಿಸೈನ್ ಪೇಪರಿನಲ್ಲಿ ಇದನ್ನೇ ಕ್ರಿಟಿಕಲ್ ಪಾತ್ ಅಂತಾರೆ.

ಚಿಪ್ಪಿನೊಳಗಿನ ತಾಳ

ಚಿಪ್ಪಿನೊಳಗೆ ಚಕ್ರವೂ ಇಲ್ಲ, ದಾರವೂ ಇಲ್ಲ. ಹಾಗಾದರೆ 100 ಮೆಗಾಹರ್ಟ್ಸ್ 4,500 ಆಗೋದು ಹೇಗೆ? ಇದಕ್ಕೆ ಫೇಸ್ ಲಾಕ್ಡ್ ಲೂಪ್, ಅಂದರೆ ಪಿಎಲ್ಎಲ್ ಬೇಕು. ಇಂಟರ್ನಲ್ಸ್‌ಗೆ ಬ್ಲಾಕ್ ಡಯಾಗ್ರಮ್ ಬಾಯಿಪಾಠ ಮಾಡಿದವರೂ ಒಮ್ಮೆ ಹೀಗೆ ಯೋಚಿಸಿ.

ಸಂಗೀತ ಕ್ಲಾಸಿನಲ್ಲಿ ಗುರುಗಳು ತಾಳ ಹಾಕ್ತಿದ್ದಾರೆ. ನೀವು ಅದೇ ವರಸೆಯನ್ನು ಮೂರನೇ ಕಾಲದಲ್ಲಿ ಹಾಡಬೇಕು. ಗುರುಗಳ ಕೈ ವೇಗ ಬದಲಾಗಿಲ್ಲ, ಆದರೆ ಒಂದು ಪೆಟ್ಟಿಗೆ ನೀವು ನಾಲ್ಕು ಸ್ವರ ಹಾಡ್ತೀರಿ. ಆ ವೇಗ ನಿಮ್ಮದೇ ಗಂಟಲಿನದ್ದು. ಆದರೆ ಪ್ರತಿ ನಾಲ್ಕು ಸ್ವರಕ್ಕೊಮ್ಮೆ ಗುರುಗಳ ಪೆಟ್ಟಿನ ಜೊತೆ ಹೋಲಿಸಿಕೊಳ್ತೀರಿ. ಹಿಂದೆ ಬಿದ್ದಿದ್ದರೆ ಸ್ವಲ್ಪ ಓಡ್ತೀರಿ, ಮುಂದೆ ಹೋಗಿದ್ದರೆ ಸ್ವಲ್ಪ ತಡೀತೀರಿ.

ಪಿಎಲ್ಎಲ್ ಮಾಡೋದೂ ಇದನ್ನೇ. ಅದರೊಳಗೆ ಜೋರಾಗಿ ಓಡುವ ಒಂದು ಆಸಿಲೇಟರ್ ಇದೆ. ವೋಲ್ಟೇಜ್ ಏರಿಸಿದರೆ ಅದರ ವೇಗ ಏರುತ್ತೆ, ಇಳಿಸಿದರೆ ಇಳಿಯುತ್ತೆ. ಅದರ ಮಿಡಿತಗಳನ್ನು ಒಂದು ಕೌಂಟರ್ ಎಣಿಸ್ತಾ ಹೋಗಿ, 45 ಆದ ತಕ್ಷಣ ಒಂದು ಪೆಟ್ಟು ಕೊಡುತ್ತೆ. ಫೇಸ್ ಡಿಟೆಕ್ಟರ್ ಆ ಪೆಟ್ಟನ್ನು ಬೇಸ್ ಕ್ಲಾಕಿನ ಪೆಟ್ಟಿನ ಜೊತೆ ಹೋಲಿಸಿ, ವ್ಯತ್ಯಾಸ ಇದ್ದಷ್ಟು ವೋಲ್ಟೇಜನ್ನು ತಿದ್ದುತ್ತೆ. ಎರಡೂ ಪೆಟ್ಟು ಒಟ್ಟಿಗೆ ಬೀಳುವ ತನಕ ಈ ತಿದ್ದುಪಡಿ ನಡೆಯುತ್ತೆ. ಒಟ್ಟಿಗೆ ಬಿದ್ದರೆ ಲಾಕ್ ಆಯ್ತು ಅಂತ ಅರ್ಥ. ಇಲ್ಲಿ ಒಂದು ತಮಾಷೆ ಗಮನಿಸಿ. ಗುಣಿಸುವ ಈ ಸರ್ಕ್ಯೂಟಿನ ಹೃದಯದಲ್ಲಿ ಇರೋದು ಭಾಗಿಸುವ ಕೌಂಟರ್. ಮಲ್ಟಿಪ್ಲೈಯರ್ ಬದಲಾಯಿಸೋದು ಅಂದರೆ ಎಷ್ಟಕ್ಕೊಮ್ಮೆ ಪೆಟ್ಟು ಕೊಡಬೇಕು ಅನ್ನೋದನ್ನು ಬದಲಾಯಿಸೋದು.

ಗುಣಕ ಯಾಕೆ ಬೇಕಾಯ್ತು ಅಂದರೆ, ಪ್ರೊಸೆಸರ್ ವೇಗ ಏರಿದಷ್ಟು ಸುಲಭವಾಗಿ ಬೋರ್ಡಿನ ಮೇಲಿನ ತಂತಿಗಳ, ಮೆಮೊರಿಯ ವೇಗ ಏರಲಿಲ್ಲ. 1992ರಲ್ಲಿ ಬಂದ ಇಂಟೆಲ್ 486 ಡಿಎಕ್ಸ್2 ಪ್ರೊಸೆಸರಿನಲ್ಲಿ ಹೊರಗಡೆ 33, ಒಳಗಡೆ ಅದರ ಎರಡರಷ್ಟು, 66 ಮೆಗಾಹರ್ಟ್ಸ್. ಹೊರಗಿನ ಪ್ರಪಂಚ ನಿಧಾನವಾಗೇ ಇರಲಿ, ಒಳಗೆ ಮಾತ್ರ ಓಡೋಣ ಅನ್ನೋ ಒಪ್ಪಂದ ಅದು.

ಬೀಗ, ಪೆನ್ಸಿಲ್ಲು ಮತ್ತು ಬಿಸಿ

ಪೆಂಟಿಯಮ್ ಕಾಲದಲ್ಲಿ ಗುಣಕವನ್ನು ಮದರ್‌ಬೋರ್ಡಿನ ಮೇಲಿನ ಜಂಪರ್ ಕಿತ್ತು ಹಾಕಿ ಬದಲಾಯಿಸಬಹುದಿತ್ತು. ಇದರಿಂದ ಮಜಾ ತಗೊಂಡವರು ಹವ್ಯಾಸಿಗಳು ಮಾತ್ರ ಅಲ್ಲ. ಕಡಿಮೆ ವೇಗದ ಚಿಪ್ಪಿನ ಮೇಲಿನ ಅಕ್ಷರ ಅಳಿಸಿ, ಹೆಚ್ಚಿನ ವೇಗ ಬರೆದು ಮಾರುವ ದಂಧೆಯೂ ಶುರುವಾಯ್ತು. 1990ರ ದಶಕದ ಕೊನೆಯ ಹೊತ್ತಿಗೆ ಇಂಟೆಲ್ ಗುಣಕಕ್ಕೆ ಬೀಗ ಹಾಕಿತು. ಬೀಗ ಹಾಕಿದ ಮೇಲೆ ಜನ ಬೇಸ್ ಕ್ಲಾಕ್ ಕಡೆ ತಿರುಗಿದರು. 1998ರ ಸೆಲೆರಾನ್ 300ಎ ಇದಕ್ಕೇ ಪ್ರಸಿದ್ಧ. ಅದರ ಗುಣಕ 4.5, ಬದಲಾಯಿಸೋಕಾಗಲ್ಲ. ಆದರೆ ಬಸ್ಸನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ಪು 450ರಲ್ಲಿ ಓಡ್ತಿತ್ತು. 2000ದ ಹೊತ್ತಿನ ಎಎಂಡಿಯ ಡ್ಯೂರಾನ್, ಅಥ್ಲಾನ್ ಚಿಪ್ಪುಗಳಲ್ಲಿ ಇನ್ನೂ ಸೊಗಸು. ಚಿಪ್ಪಿನ ಮೇಲೇ ಕಾಣುವ ಕತ್ತರಿಸಿದ ಪುಟ್ಟ ಸೇತುವೆಗಳ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದರೆ ಸಾಕು. ಗ್ರಾಫೈಟ್ ವಿದ್ಯುತ್ ಹರಿಸಿ ಬೀಗ ತೆಗೀತಿತ್ತು.

2011ರ ಸ್ಯಾಂಡಿ ಬ್ರಿಡ್ಜ್ ಬಂದಾಗ ಬೇಸ್ ಕ್ಲಾಕ್ ದಾರಿಯೂ ಹೆಚ್ಚುಕಡಿಮೆ ಮುಚ್ಚಿತು. ಯಾಕೆಂದರೆ ಅದೇ ಒಂದು ಕ್ಲಾಕಿನಿಂದ ಪಿಸಿಐ ಎಕ್ಸ್‌ಪ್ರೆಸ್, ಸಾಟಾ ಎಲ್ಲವೂ ನಡೀತಿದ್ವು. ಬೇಸ್ ಕ್ಲಾಕನ್ನು ನೂರಕ್ಕೆ ಐದಾರರಷ್ಟು ಏರಿಸುವ ಹೊತ್ತಿಗೇ ಎಲ್ಲೋ ಒಂದು ಕಡೆ ಡಿಸ್ಕ್ ಮುನಿಸಿಕೊಳ್ತಿತ್ತು. ಉಳಿದದ್ದು ಗುಣಕ ಒಂದೇ. ಅದನ್ನು ಬಿಚ್ಚಿಟ್ಟ ಚಿಪ್ಪುಗಳಿಗೆ ಹೆಸರಿನ ಕೊನೆಗೆ ‘ಕೆ’ ಅಕ್ಷರ ಸೇರಿಸಿ, ಜಾಸ್ತಿ ದುಡ್ಡಿಗೆ ಮಾರಿದರು. ಇವತ್ತೂ ಹಾಗೇ.

ಸರಿ, ಬೀಗ ಇಲ್ಲದ ಚಿಪ್ಪು ಸಿಕ್ಕಿತು, 45ನ್ನು 50 ಮಾಡಿದ್ವಿ ಅಂದುಕೊಳ್ಳೋಣ. 4.5 ಗಿಗಾಹರ್ಟ್ಸ್‌ನಲ್ಲಿ ಒಂದು ಕ್ಲಾಕಿಗೆ ಸಿಗುವ ಸಮಯ ಸುಮಾರು 222 ಪಿಕೋಸೆಕೆಂಡ್. 5ರಲ್ಲಿ 200. ಒಂದು ಫ್ಲಿಪ್‌ಫ್ಲಾಪಿನಿಂದ ಹೊರಟ ಸಿಗ್ನಲ್ಲು ನಡುವಿನ ಗೇಟುಗಳನ್ನೆಲ್ಲ ದಾಟಿ ಮುಂದಿನದಕ್ಕೆ ಆ 22 ಪಿಕೋಸೆಕೆಂಡ್ ಮೊದಲೇ ತಲುಪಬೇಕು. ತಲುಪದಿದ್ದರೆ ಹಳೆಯ ಬಿಟ್ಟೋ, ಅರೆಬೆಂದ ಬಿಟ್ಟೋ ಒಳಗೆ ಹೋಗುತ್ತೆ. ಬೇಗ ತಲುಪಿಸಬೇಕಾದರೆ ವೋಲ್ಟೇಜ್ ಏರಿಸಬೇಕು. ಆಗ ಬಿಲ್ಲು ಬರುತ್ತೆ. ಸಿಮಾಸ್ ಸರ್ಕ್ಯೂಟಿನ ಡೈನಮಿಕ್ ಪವರ್ ಆವರ್ತನಕ್ಕೆ ನೇರ ಅನುಪಾತ, ವೋಲ್ಟೇಜಿನ ವರ್ಗಕ್ಕೂ ನೇರ ಅನುಪಾತ. ಆವರ್ತನ ನೂರಕ್ಕೆ 20 ಏರಿಸಿ, ಅದಕ್ಕಾಗಿ ವೋಲ್ಟೇಜ್ ನೂರಕ್ಕೆ 10 ಏರಿಸಿದರೆ 1.2 × 1.1 × 1.1, ಅಂದರೆ 1.45. ಇಪ್ಪತ್ತು ಪರ್ಸೆಂಟ್ ವೇಗಕ್ಕೆ ನಲವತ್ತೈದು ಪರ್ಸೆಂಟ್ ಬಿಸಿ.

ಒಂದು ಲಕ್ಷ ರೂಪಾಯಿಯ ಸ್ಪೆಸಿಫಿಕೇಶನ್

ಬದನವಾಳಿಂದ ಬಂದ ಮೇಲೆ ಚರಕದ ಚರಿತ್ರೆ ಓದ್ತಾ ಕೂತಾಗ ಸಿಕ್ಕ ಒಂದು ಸಂಗತಿ ನಮ್ಮನ್ನು ಬಹಳ ಹಿಡಿದಿಟ್ಟುಕೊಂಡಿತು. 1929ರಲ್ಲಿ ಅಖಿಲ ಭಾರತ ಚರಕ ಸಂಘ ಉತ್ತಮ ಚರಕವೊಂದರ ವಿನ್ಯಾಸಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಗಾಂಧಿ ಅಂದರೆ ಯಂತ್ರವಿರೋಧಿ ಅಂತ ಒಂದೇ ಸಾಲಿನಲ್ಲಿ ಕೇಳಿಕೊಂಡು ಬಂದ ನಮಗೆ ಇದೇ ಆಶ್ಚರ್ಯ. ಅದರ ಷರತ್ತುಗಳನ್ನು ನೋಡಿದರೆ ಅದೊಂದು ಪಕ್ಕಾ ಡೇಟಾಶೀಟ್. ಎಂಟು ಗಂಟೆಯಲ್ಲಿ 12ರಿಂದ 20 ಕೌಂಟಿನ 16,000 ಅಡಿ ನೂಲು ಬರಬೇಕು. ಬೆಲೆ 150 ರೂಪಾಯಿ ದಾಟಬಾರದು. ಇಪ್ಪತ್ತು ವರ್ಷ ಬಾಳಬೇಕು. ವರ್ಷದ ರಿಪೇರಿ ಖರ್ಚು ಬೆಲೆಯ ನೂರಕ್ಕೆ 5ನ್ನು ಮೀರಬಾರದು. ಇವುಗಳ ಜೊತೆಗೇ ಇನ್ನೊಂದು ಷರತ್ತು: ಒಬ್ಬ ಹೆಂಗಸು ಹೆಚ್ಚು ಆಯಾಸವಿಲ್ಲದೆ ಎಂಟು ಗಂಟೆ ಅದರಲ್ಲಿ ಕೆಲಸ ಮಾಡುವ ಹಾಗಿರಬೇಕು.

ನಾವು ಕ್ಯಾಲ್ಕುಲೇಟರ್ ತಗೊಂಡು ಕೂತ್ವಿ. ನೂಲಿನ ಲೆಕ್ಕದಲ್ಲೂ ಒಂದು ಗುಣಕ ಇದೆ, ಹುರಿಯ ಗುಣಕ. ಒಂದು ಅಂಗುಲಕ್ಕೆ ಬೇಕಾದ ಹುರಿ ಅಂದರೆ ಕೌಂಟಿನ ವರ್ಗಮೂಲವನ್ನು ಆ ಗುಣಕದಿಂದ ಗುಣಿಸಿದಷ್ಟು. ಹತ್ತಿಗೆ ಗುಣಕ ಸುಮಾರು 4. ಹದಿನಾರು ಕೌಂಟಿನ ನೂಲಾದರೆ 4 × 4, ಅಂಗುಲಕ್ಕೆ 16 ಸುತ್ತು. 16,000 ಅಡಿ ಅಂದರೆ 1,92,000 ಅಂಗುಲ. ಒಟ್ಟು ಹುರಿ 30 ಲಕ್ಷಕ್ಕೂ ಮೇಲೆ. ಎಂಟು ಗಂಟೆಗೆ ಹಂಚಿದರೆ ನಿಮಿಷಕ್ಕೆ 6,400 ಸುತ್ತು. ಕೈ ನಿಮಿಷಕ್ಕೆ 60 ಸಲ ತಿರುಗಿಸಿದರೆ, ಒಂದೇ ಕದಿರಿಗೆ ಬೇಕಾದ ಗುಣಕ ನೂರಕ್ಕೂ ಜಾಸ್ತಿ. ಅದೂ ಒಂದು ಕ್ಷಣ ನಿಲ್ಲಿಸದೆ. ಆದರೆ ಹಳೆಯ ಚರಕದಲ್ಲಿ ಎಳೆ ತೆಗೆದ ಮೇಲೆ ಅದನ್ನು ಕದಿರಿಗೆ ಸುತ್ತಿಕೊಳ್ಳೋಕೆ ಪ್ರತಿ ಸಲ ನಿಲ್ಲಿಸಲೇಬೇಕು. ಹಾಗಾಗಿ ಬರೀ ಗುಣಕ ಏರಿಸಿ ಈ ಷರತ್ತು ಮುಟ್ಟೋಕೆ ಸಾಧ್ಯವೇ ಇರಲಿಲ್ಲ.

ಆ ಬಹುಮಾನ ಯಾರಿಗೂ ಸಿಗಲಿಲ್ಲ. ಉತ್ತರ ಬೇರೆ ದಾರಿಯಿಂದ ಬಂತು. ತಮಿಳುನಾಡಿನ ಏಕಾಂಬರನಾಥನ್ ಅವರು ರೂಪಿಸಿದ, 1950ರ ದಶಕದಲ್ಲಿ ದೇಶದಲ್ಲೆಲ್ಲ ಹರಡಿದ ಅಂಬರ ಚರಕ ಒಂದು ಕದಿರನ್ನು ಹುಚ್ಚುವೇಗದಲ್ಲಿ ಓಡಿಸಲಿಲ್ಲ. ಕದಿರುಗಳ ಸಂಖ್ಯೆ ಹೆಚ್ಚಿಸಿತು. ಮೊದಲು ಎರಡು, ನಾಲ್ಕು, ಮುಂದೆ ಆರು, ಎಂಟು. ಬೆರಳು ಮಾಡ್ತಿದ್ದ ಎಳೆಯುವ ಕೆಲಸವನ್ನು ರೋಲರುಗಳಿಗೆ ಕೊಟ್ಟಿತು. ಅಂದರೆ ಕ್ರಿಟಿಕಲ್ ಪಾತನ್ನೇ ಬದಲಾಯಿಸಿ, ಕೋರ್ ಸಂಖ್ಯೆ ಏರಿಸಿತು. ಪ್ರೊಸೆಸರ್ ಪ್ರಪಂಚಕ್ಕೆ ಈ ಬುದ್ಧಿ ಬಂದದ್ದು ಐವತ್ತು ವರ್ಷ ಆದ ಮೇಲೆ. 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಮ್ 4 ಯೋಜನೆಯನ್ನು ಕೈಬಿಟ್ಟು, ಮರುವರ್ಷ ಎರಡು ಕೋರಿನ ಚಿಪ್ಪು ತಂದಿತು. ಕಾರಣ ಅದೇ, ಬಿಸಿ.

ನಮ್ಮ ಬೋರ್ಡಿನ ಜಗಳ

ಈಗ ನಮ್ಮ ಡಬ್ಬಿಗೆ ಬರೋಣ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ನೀಲಿ ಬೋರ್ಡು, ನಮ್ಮಲ್ಲಿ ಬಹಳ ಜನರ ಹತ್ತಿರ ಇರುವ ‘ಬ್ಲೂ ಪಿಲ್’. ಅದರ ಎಸ್‌ಟಿಎಂ32 ಎಫ್103 ಚಿಪ್ಪಿನಲ್ಲಿ ಮೇಲೆ ಹೇಳಿದ್ದೆಲ್ಲ ಚಿಕ್ಕದಾಗಿ ಸಿಗುತ್ತೆ. ಬೋರ್ಡಿನ ಮೇಲೆ 8 ಮೆಗಾಹರ್ಟ್ಸ್ ಹರಳು, ಒಳಗೆ ಪಿಎಲ್ಎಲ್. ಗುಣಕ 9 ಇಟ್ಟರೆ 72 ಮೆಗಾಹರ್ಟ್ಸ್. ಡೇಟಾಶೀಟಿನ ಮಿತಿಯೂ 72. ಆದರೆ ರಿಜಿಸ್ಟರಿನಲ್ಲಿ ಗುಣಕವನ್ನು 16ರ ತನಕ ಬರೆಯಬಹುದು. ಆಗ 128 ಮೆಗಾಹರ್ಟ್ಸ್. ಇಲ್ಲಿ ಬೀಗವೂ ಇಲ್ಲ, ಪೆನ್ಸಿಲ್ಲೂ ಬೇಡ. ಒಂದು ಸಾಲು ಕೋಡ್.

ಎಂಟು ಕದಿರಿಗೆ ಎಂಟು ಇನ್ಫ್ರಾರೆಡ್ ಸೆನ್ಸರ್, ಪ್ರತಿಯೊಂದಕ್ಕೂ ಒಂದು ಫಿಲ್ಟರ್, ಜೊತೆಗೆ ಲಡಿ ಸುತ್ತುವ ಚಕ್ರದ ಸುತ್ತುಗಳ ಎಣಿಕೆ. ಮೊದಲ ಆವೃತ್ತಿಯ ಕೋಡು 72ರಲ್ಲಿ ಸಮಯಕ್ಕೆ ಸರಿಯಾಗಿ ಮುಗೀತಿರಲಿಲ್ಲ. ನಮ್ಮಲ್ಲೇ ಒಬ್ಬ ಗುಣಕ 16 ಮಾಡಿದ. ಮುಗೀತು. ರಾತ್ರಿಯಿಡೀ ಲ್ಯಾಬ್ ಟೇಬಲ್ ಮೇಲೆ ಓಡಿಸಿದ್ವಿ, ಎಣಿಕೆಯಲ್ಲಿ ಒಂದೂ ವ್ಯತ್ಯಾಸ ಇಲ್ಲ. ‘ಓಡ್ತಿದೆಯಲ್ಲ, ಇನ್ನೇನು?’ ಅಂದ. ಅವನ ಮಾತಿಗೆ ನಮ್ಮ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ. ನಿಜವಾಗಿ ಓಡ್ತಿತ್ತು.

ಉತ್ತರ ಸಿಕ್ಕಿದ್ದು ಎರಡು ಕಡೆ. ಒಂದು ಡೇಟಾಶೀಟಿನಲ್ಲಿ. ಅದೇ ಕ್ಲಾಕಿನಿಂದ ಭಾಗಿಸಿ ಎಡಿಸಿಗೂ ಕ್ಲಾಕ್ ಕೊಡಬೇಕು. ಎಡಿಸಿಯ ಮಿತಿ 14 ಮೆಗಾಹರ್ಟ್ಸ್. 72ನ್ನು 6ರಿಂದ ಭಾಗಿಸಿದರೆ 12, ಸರಿ. 128ನ್ನು ಅಲ್ಲಿರುವ ಅತಿ ದೊಡ್ಡ ಭಾಜಕ 8ರಿಂದ ಭಾಗಿಸಿದರೂ 16, ಮಿತಿ ದಾಟಿತು. ಯುಎಸ್‌ಬಿಗೆ 48 ಬೇಕು. 72ನ್ನು ಒಂದೂವರೆಯಿಂದ ಭಾಗಿಸಿ ಪಡೆಯಬಹುದು. 128ರಿಂದ ಯಾವ ಭಾಜಕದಲ್ಲೂ 48 ಬರಲ್ಲ. ಫ್ಲ್ಯಾಶ್ ಮೆಮೊರಿಯ ವೇಯ್ಟ್ ಸ್ಟೇಟುಗಳನ್ನೂ 72ರ ತನಕ ಮಾತ್ರ ಹೇಳಿದ್ದಾರೆ. ಸ್ಯಾಂಡಿ ಬ್ರಿಡ್ಜಿನಲ್ಲಿ ಡಿಸ್ಕ್ ಮುನಿಸಿಕೊಂಡ ಕಥೆಯ ಚಿಕ್ಕ ರೂಪ ಇದು. ಇನ್ನು ಆ 72 ಕೂಡ ಲ್ಯಾಬಿನ ತಂಪು ರಾತ್ರಿಗೆ ಬರೆದ ಸಂಖ್ಯೆ ಅಲ್ಲ. ಮೈನಸ್ 40ರಿಂದ 85 ಡಿಗ್ರಿವರೆಗೆ, 2ರಿಂದ 3.6 ವೋಲ್ಟ್‌ವರೆಗೆ, ಆ ಜಾತಿಯ ಪ್ರತಿ ಚಿಪ್ಪಿಗೂ ಕೊಟ್ಟ ಮಾತು ಅದು. 72ಕ್ಕೂ 128ಕ್ಕೂ ನಡುವೆ ನಮಗೆ ಪುಕ್ಕಟೆ ಸಿಕ್ಕಂತೆ ಕಂಡ ಜಾಗ, ಬೇಸಿಗೆಯ ಮಧ್ಯಾಹ್ನ ಮುಚ್ಚಿದ ಡಬ್ಬಿಯೊಳಗೆ ಕೂರುವ ಚಿಪ್ಪಿನ ಆಪತ್ಕಾಲದ ಗಂಟು.

ಇನ್ನೊಂದು ಉತ್ತರ ಬದನವಾಳಿನ ಅದೇ ಅಮ್ಮ ಮೊದಲೇ ಕೊಟ್ಟಿದ್ದರು, ಪ್ರಶ್ನೆಯ ರೂಪದಲ್ಲಿ. ಖಾದಿಯಲ್ಲಿ ನೂಲುವವರಿಗೆ ಕೂಲಿ ಲಡಿ ಲೆಕ್ಕದಲ್ಲಿ. ಸಾವಿರ ಮೀಟರಿಗೆ ಒಂದು ಲಡಿ. ನಮ್ಮ ಡಬ್ಬಿ ಏನು ಮಾಡುತ್ತೆ ಅಂತ ವಿವರಿಸಿದಾಗ ಅವರು ಕೇಳಿದ್ದು ಇಷ್ಟು:

‘ನಿಮ್ ಡಬ್ಬಿ ಎಣ್ಸಿದ್ದು ಕಮ್ಮಿ ಬಂದ್ರ, ಆಗ ಯಾರ್ ಲೆಕ್ಕ ನಡೀತದ ಮಗ?’

ಗೇಮ್ ಆಡೋವಾಗ ಓವರ್‌ಕ್ಲಾಕ್ ಮಾಡಿದ ಪಿಸಿ ಹ್ಯಾಂಗ್ ಆದರೆ ರೀಸ್ಟಾರ್ಟ್ ಮಾಡ್ತೀವಿ. ನಷ್ಟ ನಮ್ಮದು, ಅದೂ ಎರಡು ನಿಮಿಷದ್ದು. ಹ್ಯಾಂಗ್ ಆದರೆ ಗೊತ್ತಾದರೂ ಆಗುತ್ತೆ. ಸಮಯಕ್ಕೆ ತಲುಪದ ಒಂದು ಬಿಟ್ಟಿನಿಂದ ಎಣಿಕೆ ಸದ್ದಿಲ್ಲದೆ ತಪ್ಪಿದರೆ ಪರದೆಯ ಮೇಲೆ ಯಾವ ಎರರ್ ಮೆಸೇಜೂ ಬರಲ್ಲ. ಕಡಿಮೆಯಾಗೋದು ಒಬ್ಬರ ಆ ದಿನದ ಕೂಲಿ. ಮಿಷಿನ್ನಿನ ಲೆಕ್ಕ ಒಂದು ಕಡೆ, ನೂತ ಕೈಯ ಲೆಕ್ಕ ಇನ್ನೊಂದು ಕಡೆ ನಿಂತರೆ ಸಾಮಾನ್ಯವಾಗಿ ಯಾರನ್ನು ನಂಬ್ತಾರೆ ಅಂತ ನಮಗೆಲ್ಲ ಗೊತ್ತು.

ಆ ಸಂಜೆ ಕ್ಯಾಂಟೀನಿನಲ್ಲಿ ಜೋರು ಜಗಳವೇ ಆಯ್ತು. ಕೊನೆಗೆ ಗುಣಕ 9ಕ್ಕೇ ನಿಂತಿತು. ಅಂಬರ ಚರಕದ ದಾರಿ ಹಿಡಿದು, ವೇಗ ಏರಿಸೋ ಬದಲು ಕೆಲಸದ ದಾರಿ ಬದಲಾಯಿಸಿದ್ವಿ. ಈ ಚಿಪ್ಪಿನ ಕಾರ್ಟೆಕ್ಸ್ ಎಂ3 ಕೋರಿಗೆ ದಶಮಾಂಶದ ಲೆಕ್ಕಕ್ಕೆ ಪ್ರತ್ಯೇಕ ಹಾರ್ಡ್‌ವೇರ್ ಇಲ್ಲ. ಫಿಲ್ಟರನ್ನು ಪೂರ್ಣಾಂಕಕ್ಕೆ ತಿರುಗಿಸಿದ್ವಿ. ಎಡಿಸಿಯ ಓದುಗಳನ್ನು ಮೆಮೊರಿಗೆ ಸಾಗಿಸುವ ಕೆಲಸ ಡಿಎಂಎಗೆ ಹೋಯ್ತು. 72ರಲ್ಲೇ ಸಮಯಕ್ಕೆ ಮುಗಿದು ಇನ್ನೂ ಪುರುಸೊತ್ತು ಉಳೀತು. ಜೊತೆಗೆ ಡಬ್ಬಿಯ ಮುಂದೆ ಒಂದು ಗುಂಡಿ ಇಟ್ವಿ. ನೂಲುವವರ ಲೆಕ್ಕ ಬೇರೆ ಬಂದರೆ ಅದನ್ನು ಒತ್ತಬಹುದು. ಆಗ ಎರಡೂ ಲೆಕ್ಕ ದಾಖಲಾಗುತ್ತೆ. ಯಾರ ಲೆಕ್ಕ ನಡೀಬೇಕು ಅನ್ನೋದನ್ನು ತೀರ್ಮಾನಿಸುವ ಅಧಿಕಾರ ಡಬ್ಬಿಗೆ ಕೊಟ್ಟಿಲ್ಲ.

ಓವರ್‌ಕ್ಲಾಕ್ ಮಾಡಲೇಬೇಡಿ ಅಂತ ಜೂನಿಯರ್ಸಿಗೆ ಬುದ್ಧಿ ಹೇಳೋಕೆ ಇದನ್ನು ಬರೀತಿಲ್ಲ. ನಿಮ್ಮ ಸ್ವಂತ ಪಿಸಿ, ನಿಮ್ಮ ಸ್ವಂತ ಬೋರ್ಡು ಆದರೆ ಧಾರಾಳವಾಗಿ ಮಾಡಿ. ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಮೆಟ್ಟಿಲಲ್ಲೂ ಗಂಟೆಗಟ್ಟಲೆ ಲೋಡ್ ಕೊಟ್ಟು ನೋಡಿ, ತಾಪಮಾನ ಬರೆದಿಡಿ, ವೋಲ್ಟೇಜ್ ಮುಟ್ಟುವ ಮೊದಲು ಆ 1.45ರ ಲೆಕ್ಕ ನೆನಪಿಸಿಕೊಳ್ಳಿ. ಚಿಪ್ಪು ಎಲ್ಲಿ ಸೋಲುತ್ತೆ ಅಂತ ಕಣ್ಣಾರೆ ನೋಡಿದವರಿಗೆ ಸೆಟಪ್ ಟೈಮ್ ಅಂದರೇನು ಅಂತ ಯಾರೂ ಮತ್ತೆ ಹೇಳಿಕೊಡಬೇಕಾಗಿಲ್ಲ. ಬೇರೆಯವರ ಕೈಗೆ ಕೊಡುವ ಡಬ್ಬಿಯಾದರೆ ಮಾತ್ರ, ರಿಜಿಸ್ಟರಿಗೆ ಗುಣಕ ಬರೆಯುವ ಮೊದಲು ಒಂದು ಸಲ ಕೇಳಿಕೊಳ್ಳಿ: ಇದು ತಪ್ಪಿದರೆ ಯಾರಿಗೆ ಗೊತ್ತಾಗುತ್ತೆ, ಯಾರ ದುಡ್ಡು ಹೋಗುತ್ತೆ?

ನಮ್ಮ ಕೋಡು, ಸರ್ಕ್ಯೂಟು ಎರಡೂ ಡಿಪಾರ್ಟ್‌ಮೆಂಟಿನ ಪ್ರಾಜೆಕ್ಟ್ ಕಪಾಟಿನಲ್ಲಿವೆ. ಮುಂದಿನ ಬ್ಯಾಚಿನವರು ಯಾರಾದರೂ ಮುಂದುವರಿಸೋದಾದರೆ ತಗೊಳ್ಳಿ. ಸೆನ್ಸರಿನ ಮೇಲೆ ಹತ್ತಿಯ ಧೂಳು ಕೂರುವ ಸಮಸ್ಯೆ ಇನ್ನೂ ಬಗೆಹರಿದಿಲ್ಲ.